ಜಗ್ಗಿದಷ್ಟೂ ಓಡೂ ಫಟಫಟಿ

ನವಲಗುಂದದಾಗ ಸಾವ್ಕಾರರ ಅಂಗಳದಾಗ ಎರಡು ಕರೇ ಫಟಫಟಿ ನಿಂತಿದ್ವು. ಕಾಕಾ ಅವುಗಳ ಸುತ್ತ ಒಂದ ಸುತ್ತು ಹಾಕಿದ, ಟಾಕಿ ಮ್ಯಾಲೆ ಕೈಯಾಡಿಸಿದ, ಸೀಟು ಚಪ್ಪರಿಸಿದ, ಹಿಂದಿನ ಗಾಲಿಗೆ ಕಾಲಿಲೆ ಮೆಲ್ಲಕ ತಿವಿದ. ಬಾಯಿ ಇದ್ದಿದ್ರ ಹಲ್ಲೂ ಎಣಸ್ತಿದ್ದ. ನಾ ಅವನ ಹಿಂದ ನಿಂತು, ಎರಡೂ ಕೆಟ್ಟಿರಲಿ ಅಂತ ಬೇಡಕೊಳ್ಳಾಕತ್ತಿದ್ದೆ.

ಗಾಡಿ ಬೇಕಾಗಿದ್ದು ಶೋಕಿಗಲ್ಲ. ಕಾಕಿ ಬಸುರಿದ್ಲು. ನಮ್ಮೂರಿಂದ ನವಲಗುಂದಕ್ಕ ಪೂರಾ ಎರಿಮಣ್ಣಿನ ದಾರಿ. ಬ್ಯಾಸಗ್ಯಾಗ ಕಲ್ಲಾಗಿ ಬಿದ್ದಿರತೈತಿ. ಮಳಿ ಬಿತ್ತಂದ್ರ ಕಾಲಾಗಿನ ಚಪ್ಪಲಿ ಸುದ್ದಾ ಕಸಗೊಂತೈತಿ. ಹಿಂದಿನ ಸಲ ಕಾಕಿಗೆ ಬ್ಯಾನಿ ಸುರು ಆದಾಗ ನರ್ಸಬಾಯಾರನ್ನ ಕರಕೊಂಡ ಬರಾಕ ಚಕ್ಕಡಿ ಹೋಗಿತ್ತು. ನಡುದಾರ್ಯಾಗ ಅಚ್ಚಿನ ಮಟ ಹುಗದಬಿಡ್ತು. ಅವರು ಬಂದು ಮುಟ್ಟೂದ್ರಾಗ ಕೂಸು ಹೋಗಿತ್ತು. ಅವತ್ತಿಂದ ಕಾಕಾ ಎತ್ತಿನ ಮ್ಯಾಲಿನ ನಂಬಿಗಿ ಬಿಟ್ಟ.

ಬಿಟ್ಟು ಯಾರನ್ನ ನಂಬಿದ? ನನ್ನ! ಎತ್ತುಗಳೂ ನಕ್ಕಿರಬೇಕು.

ನಾ ಹುಬ್ಬಳ್ಳ್ಯಾಗ ಪಿಯುಸಿ ಓದಾಕ ಹೋಗಿ, ಪಿಯುಸಿನಽ ನನ್ನ ಕೈ ಬಿಟ್ಟಮ್ಯಾಲೆ ಊರಿಗೆ ಬಂದಾವ. ಹುಬ್ಬಳ್ಳಿ ನೀರು ಕುಡದಾವಗ ಫಟಫಟಿ ಬರಾಕಽ ಬೇಕು ಅಂತ ಮನಿಮಂದಿ ತಿಳಕೊಂಡಿದ್ರು. ಗೆಳ್ಯಾನ ಗಾಡಿ ಹಿಂದ ಕುಂತಿದ್ದೆ, ಖರೆ. ಕಣ್ಣ ಮುಚ್ಚಿಕೊಂಡು ಕುಂತಿದ್ದೆ.

"ಕಾಕಾ, ನನಗ ಬರೂದಿಲ್ಲೋ" ಅಂತ ದಾರಿ ತುಂಬ ಹೇಳಿದ್ದೆ.

"ಚಕ್ಕಡಿ ಹೊಡಿಯಾಕ ಬರತೈತಿಲ್ಲೋ? ಅದಕ್ಕ ಎರಡು ಎತ್ತು. ಇದಕ್ಕ ಒಂದೂ ಇಲ್ಲ. ಮತ್ತೇನ್ ತ್ರಾಸು?"

ಸಾವ್ಕಾರರು ಅಡಿಕಿ ಕತ್ತರಸ್ತ ಕಟ್ಟಿ ಮ್ಯಾಲೆ ಕುಂತಿದ್ರು. "ಇಬ್ರು ಮಕ್ಕಳಿಗೆ ಅಂತ ಒಂದಽ ದಿನ ತಗೊಂಡಿದ್ದು ನೋಡ್ರಿ. ಒಬ್ಬಾವ ಮುಂಬಯಿಗೆ ಹೋದ. ಯಾವುದಾರ ಒಂದು ಒಯ್ರಿ, ಫರಕ್ ಏನಿಲ್ಲ."

"ಫರಕ್ ಇಲ್ಲ ಅಂದ್ರ ಹೆಂಗ್ರಿ? ಒಂದಽ ಆಕಳ ಹಾಕಿದ ಹೋರಿಗೂ ಫರಕ್ ಇರತೈತ್ರಿ" ಅಂದ ಕಾಕಾ.

ಅವರ ಆಳುಮನಷ್ಯಾ ಬಲಕ್ಕಿದ್ದ ಗಾಡಿಗೆ ಕಿಕ್ ಹೊಡದ. ಮಾಳಗಿ ಮ್ಯಾಲಿನ ಪಾರಿವಾಳ ಎಲ್ಲಾ ಹಾರಿದ್ವು. ಎಡಕ್ಕಿದ್ದದ್ದು ಅದಽ ದನಿ, ಆದ್ರ ಒಂದೀಟು ಮೆತ್ತಗ, ಮನಿಗೆ ಹಿರ್‍ಯಾರು ಬಂದಾಗ ಮಾತಾಡಿದಂಗ.

"ಬಲಗಡಿದು!" ಅಂದ ಕಾಕಾ. "ದನಿ ನೋಡ, ಎದಿ ನಡಗಸ್ತೈತಿ."

"ನಡಗಾಕಽ ಹತ್ತೈತಿ ಕಾಕಾ. ಅದಕ್ಕಽ ಬ್ಯಾಡ. ಎಡಗಡಿದು."

"ಹಂಗಾರ ಎರಡೂ ಹೂಡಿ ನೋಡೂಣು. ಮೊದಲ ನಿನ್ನ ಮೆತ್ತಂದು ತಗಿ."

ಆಳುಮನಷ್ಯಾ ಎಲ್ಲಾ ಹೇಳಿಕೊಟ್ಟ. ಇದು ಕ್ಲಚ್, ಇದು ಗೇರು, ಇದು ಬ್ರೇಕು, ಈ ಮುಷ್ಟಿ ಹಿಂದಕ್ಕ ತಿರುವಿದ್ರ ಓಡತೈತಿ, ಮುಂದಕ್ಕ ತಿರುವಿದ್ರ ಮೆಲ್ಲಕಾಗತೈತಿ. ಎಲ್ಲಾ ತಿಳೀತು. ಗಾಡಿ ನಿಂತಿರೂಮಟ ಅಗದಿ ಬರೋಬ್ಬರಿ ತಿಳದಿತ್ತು.

ಬಿಟ್ಟ ಕೂಡ್ಲೇ ಅದು ಜಿಗೀತು. ಮುಂದ ಕೋಳಿ, ಕೋಳಿ ಹಿಂದ ದನಕ್ಕ ನೀರ ಕುಡಸೂ ಕಲ್ಲಿನ ದೋಣಿ. ಎತ್ತು ಬೆದರಿ ಓಡಿದ್ರ ನಾವು ಏನ ಮಾಡತೀವಿ? ಹಿಂದಕ್ಕ ಬಾಗಿ ಹಗ್ಗ ಜಗ್ಗತೀವಿ. ಹುಡುಗರಿದ್ದಾಗಿಂದ ಅದಽ ರೂಢಿ. ನಾ ಹಿಂದಕ್ಕ ಬಾಗಿದೆ, ಹ್ಯಾಂಡಲ್ ಎದಿಗೆ ಜಗ್ಗಿದೆ, "ಹೋ! ಹೋ! ಹೋ!" ಅಂದೆ. ಜಗ್ಗಿದಂಗ ಮುಷ್ಟಿ ಹಿಂದಕ್ಕ ತಿರಗ್ತು, ತಿರಗಿದಂಗ ಗಾಡಿ ಜೋರಾತು, ಜೋರಾದಂಗ ನಾ ಮತ್ತಿಷ್ಟು ಜಗ್ಗಿದೆ. ಕಾಕಾನೂ ಹಿಂದಿಂದ ಒದರಾಕತ್ತಿದ್ದ: "ಜಗ್ಗಲೇ! ಇನ್ನಾ ಜಗ್ಗ!"

ದೋಣಿ ಮಾತ್ರ ಅಲುಗಲಿಲ್ಲ. ನಾ ಹಾರಿ ನೀರಾಗ ಬಿದ್ದೆ. ಒಂದ ಹಲ್ಲಿನ ತುದಿ ಇವತ್ತಿಗೂ ಅಲ್ಲೇ ಎಲ್ಲೋ ಐತಿ. ಕಾಕಾ ಓಡಿ ಬಂದು ಮೊದಲ ಗಾಡಿ ಎತ್ತಿದ, ಆಮ್ಯಾಲೆ ನನ್ನ ಎತ್ತಿದ. ಮುಂದಿನ ಮಡ್‌ಗಾರ್ಡ್ ಸುಟ್ಟ ಹಪ್ಪಳದಂಗ ಮುದುಡಿತ್ತು.

ಸಾವ್ಕಾರರು ದೊಡ್ಡ ಮನಸಿನವರು. "ಇರ್ಲಿ ಬಿಡ್ರಿ, ಹುಡುಗ ಉಳೀತಲ್ಲ. ಇನ್ನೊಂದು ಛಲೋ ಐತಿ, ಅದನ್ನ ಒಯ್ರಿ."

ಕಾಕಾ ಬಲಗಡಿ ಗಾಡಿ ಕಡೆ ಒಂದ ಸಲ ನೋಡಿದ. ಆಸೆ ಇತ್ತು. ಆದ್ರ ತಲಿ ಅಲುಗಿಸಿದ. "ಇಲ್ರಿ ಸಾವ್ಕಾರ್ರ. ನೋಡಾಕಂತ ಹೂಡಿ ಎತ್ತಿನ ಕಾಲ ಮುರದ್ರ, ಆ ಎತ್ತನ್ನಽ ಕಟಗೊಂಡ ಹೋಗಬೇಕು. ದನದ ಸಂತ್ಯಾಗ ನಮ್ಮಪ್ಪ ಹಂಗಽ ಮಾಡತಿದ್ದ, ನಾನೂ ಹಂಗಽ."

ಹಿಂಗ ನಾ ತಲಿ ಓಡಿಸಿ ಅಲ್ಲ, ತಲಿ ಬಡಸಿಕೊಂಡು ಗಾಡಿ ಆರಿಸಿದೆ.

ಮುದುಡಿದ ಮಡ್‌ಗಾರ್ಡ್ ಬಿಚ್ಚಿ ಕಾಕಾ ಅಟ್ಟಕ್ಕ ಒಗದ. ನಾ ದಿನಾ ಮುಂಜಾನೆ ಊರ ಹೊರಗ ಕಲಿಯಾಕ ಹೋಗತಿದ್ದೆ. ನನ್ನ ಕಂಡ್ರ ನಾಯಿ ಬೆನ್ನ ಹತ್ತತಿರಲಿಲ್ಲ, ಮನಿಯೊಳಗ ಹೋಗತಿದ್ವು. ಕಾಕಿ ಬಾಗಲದಾಗ ನಿಂತು ನೋಡತಿದ್ಲು. ಒಮ್ಮೆ ಕೇಳಿದ್ಲು:

"ತಮ್ಮಾ, ಆ ದಿನಾನೂ ಹಿಂಗಽ ಜಗ್ಗತೀ ಏನೋ?"

ಕೇಳಿ ನಕ್ಕಳು. ಆದ್ರ ಹೊಟ್ಟಿ ಮ್ಯಾಲಿನ ಕೈ ತಗೀಲಿಲ್ಲ. ನಾನೂ ನಕ್ಕೆ. ಆಮ್ಯಾಲೆ ಊಟ ಸೇರಲಿಲ್ಲ. ಕುಂತಲ್ಲಿ ನಿಂತಲ್ಲಿ ಖಾಲಿ ಮುಷ್ಟಿ ಮುಂದಕ್ಕ ತಿರುವಿ ರೂಢಿ ಮಾಡಾಕತ್ತಿದೆ. ಅಂಜಿಕಿ ಬಂದ್ರ ಮುಂದಕ್ಕ, ಅಂಜಿಕಿ ಬಂದ್ರ ಮುಂದಕ್ಕ. ಅವ್ವ ನನಗ ವಾಯು ಆಗೇತಿ ಅಂತ ತಿಳಕೊಂಡು ಬಳ್ಳೊಳ್ಳಿ ಎಣ್ಣಿ ತಿಕ್ಕಿದ್ಲು.

ಆ ದಿನ ಬಂದದ್ದು ಜಡಿಮಳಿ ಹಿಡದಾಗಽ. ಮಧ್ಯಾಹ್ನ ಕಾಕಿ ಒಲಿ ಮುಂದ ಕುಂತಾಕಿ ಹಂಗಽ ಗ್ವಾಡಿ ಹಿಡಕೊಂಡ್ಲು. ಕಾಕಾ ಹೊರಗ ಬಂದು ಗಾಡಿ ಟಾಕಿ ಒಂದ ಸಲ ಚಪ್ಪರಿಸಿದ, ಅಷ್ಟಽ. ನಾ ಕಿಕ್ ಹೊಡದು ನರ್ಸಬಾಯಾರನ್ನ ಕರಿಯಾಕ ಹೊಂಟೆ.

ದಾರಿ ತುಂಬ ನನ್ನ ಹಲ್ಲು ಕಟಕಟ ಅನ್ನಾಕತ್ತಿದ್ವು, ತುದಿ ಮುರದದ್ದು ಸುದ್ದಾ. ಹಿಂದಿನ ಸಲ ಚಕ್ಕಡಿ ಹುಗದ ಜಾಗಾ ಬಂತು. ಅಲ್ಲಿ ಇನ್ನೊಬ್ಬಾವ ಫಟಫಟಿ ನಿಲ್ಲಿಸಿಕೊಂಡು ಅಳೂ ಮಾರಿ ಮಾಡಿ ನಿಂತಿದ್ದ. ಮುಂದಿನ ಗಾಲಿ, ಮಡ್‌ಗಾರ್ಡ್ ನಡುವ ಎರಿಮಣ್ಣು ಜಡದು ಗಾಲಿ ತಿರಗವಲ್ದು. ನಾನೂ ಇಲ್ಲೇ ಮುಗದೆ ಅನಕೊಂಡೆ. ಆದ್ರ ನನ್ನ ಗಾಲಿ ತಿರಗಾಕಽ ಹತ್ತಿತ್ತು. ಮಡ್‌ಗಾರ್ಡ್ ಇದ್ರ ತಾನ ಮಣ್ಣು ಸಿಗಬೀಳೂದು! ಎಲ್ಲಾ ಸೀದಾ ನನ್ನ ಮಾರಿಗೆ, ಮೂಗಿಗೆ, ಬಾಯಿಗೆ. ಹಿಂದಿನ ಗಾಲಿಗೆ ಒಂದೆರಡು ಕಡೆ ಮಣ್ಣು ಕಚ್ಚಿತು. ಇಳದು ಬೆರಳಿಲೆ ಕೆದರಿ ಮತ್ತ ಹೊಂಟೆ.

ನರ್ಸಬಾಯಾರು ಬಾಗಲಾ ತಗದು ಒಂದ ಹೆಜ್ಜಿ ಹಿಂದ ಸರದ್ರು. "ಯಾರೋ ನೀ? ಮಾರಿ ಎಲ್ಲೈತಿ?"

ಹೇಳಿದೆ. ಚೀಲಾ ತಗೊಂಡ್ರು. "ಗಾಡಿ ಬರತೈತಿಲ್ಲ ನಿನಗ?"

"ಬರತೈತ್ರಿ."

"ನಿಲ್ಲಸಾಕ?"

"ಅದಽ ಇನ್ನಾ ಪಕ್ಕಾ ಇಲ್ರಿ ಬಾಯಾರ."

ಅವರು ಸೀರಿ ಸೆರಗು ಬಿಗಿದು ಕುಂತ್ರು. ದಾರಿ ತುಂಬ ಅವರು ದೇವರನ್ನ ಕರದ್ರು, ನಾ "ಮುಂದಕ್ಕ, ಮುಂದಕ್ಕ" ಅಂತ ನನ್ನ ಮುಷ್ಟಿಗೆ ಹೇಳಿದೆ.

ಮನಿ ಮುಂದ ಬರೋಬ್ಬರಿ ನಿಂತ್ವಿ. ಬಾಯಾರು ಇಳದು ಒಳಗ ಓಡಿದ್ರು. ನಾನೂ ಓಡಬೇಕಂದ್ರ ಸ್ಟ್ಯಾಂಡು ರಾಡಿಯೊಳಗ ಇಳದು ಗಾಡಿ ವಾಲಾಕತ್ತಿತು. ಬಿಟ್ರ ಬೀಳತೈತಿ. ಅದನ್ನ ತೆಕ್ಕ್ಯಾಗ ಹಿಡಕೊಂಡು ಮಳ್ಯಾಗ ನಿಂತೆ. ಹಿಂದಿನ ಸಲಾನೂ ನಾ ಇದಽ ಅಂಗಳದಾಗ ನಿಂತಿದ್ದೆ. ಅವತ್ತೂ ಒಳಗ ಹಿಂಗಽ ಕಾಕಿ ಒದರಿದ್ಲು, ಆಮ್ಯಾಲೆ ಹಿಂಗಽ ಏನೂ ಕೇಳಸಲಿಲ್ಲ. ಕಾಕಾ ಹೊಸ್ತಿಲದಾಗ ಟವಲು ಬಾಯಾಗ ಕಚ್ಚಿಕೊಂಡು ಕುಂತಿದ್ದ. ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ. ಹೆಂಚಿನ ಮ್ಯಾಲೆ ಮಳಿ ಸಪ್ಪಳ ಅಷ್ಟಽ.

ಆಮ್ಯಾಲೆ ಒಳಗಿಂದ ಒಂದು ಸಣ್ಣ, ಸಿಟ್ಟಿನ ದನಿ ಬಂತು. ಮೆತ್ತಗ ಸುರುವಾಗಿ ಜೋರಾತು.

ನನ್ನ ಕೈ ತಾವಽ ಬಿಟ್ವು. ಗಾಡಿ ಪೂರಾ ನನ್ನ ಪಾದದ ಮ್ಯಾಲೆ ಬಿತ್ತು. ಯವ್ವಾ ಅಂತ ಊರ ಕೇಳೂಹಂಗ ಒದರಿದೆ.

ಕಾಕಾ ಟವಲು ಬಾಯಿಂದ ತಗದು, ಕಣ್ಣ ಒರಸಿಕೊಂತ ನನ್ನ ಕಡೆ ಹೊಳ್ಳಿದ. "ಲೇ, ಸುಮ್ಕಿರಲೇ! ಒಬ್ಬರಽ ಅಳ್ರಿ, ನನಗ ಕೇಳಸವಲ್ದು."