ಗಾಡಿಯೊಳಗಿನ ಕೆಂಪು ದೀಪ

ನಮ್ಮ ಹಳೇ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಎಲ್ಲಮ್ಮನ ಪುಟ್ಟ ಮೂರ್ತಿ ಇತ್ತು. ಅದರ ಮುಂದೆ ಹುಣಸೆ ಬೀಜದಷ್ಟು ಒಂದು ಕೆಂಪು ಬಲ್ಬು. ಬೇರೆಯವರ ಗಾಡಿಗಳಲ್ಲಿ ಇಂಥ ಬಲ್ಬು ಕೀಲಿ ತಿರುಗಿಸಿದರೆ ಹತ್ತುತ್ತದೆ, ಕೀಲಿ ತೆಗೆದರೆ ಆರುತ್ತದೆ. ನಮ್ಮದು ಆರುತ್ತಿರಲಿಲ್ಲ. ನನ್ನ ಅತ್ತೆ ಅದನ್ನು ನೇರವಾಗಿ ಬ್ಯಾಟರಿಗೇ ಜೋಡಿಸಿಬಿಟ್ಟಿದ್ದರು.

ಅದಕ್ಕೆ ಕಾರಣ ನನ್ನ ಗಂಡನ ದಮ್ಮು. ನಾವಿರುವುದು ಖಾನಾಪುರದ ಅಂಚಿಗೆ, ಇಳಿಜಾರಿನ ಮೇಲೆ. ಮಳೆ ಹಿಡಿಯಿತೆಂದರೆ ಗೋಡೆಗಳು ಬೆವರುತ್ತವೆ, ಹಾಸಿಗೆ ತಂಪಾಗುತ್ತದೆ, ಇವರ ಎದೆ ಸೀಟಿ ಹೊಡೆಯಲು ಶುರುಮಾಡುತ್ತದೆ. ಒಂದು ಮಳೆಗಾಲ ಬಾಯಿಗೆ ಹೊಡೆದುಕೊಳ್ಳುವ ಔಷಧಿಯ ಪಂಪು ಎಷ್ಟು ಹೊಡೆದರೂ ಉಸಿರು ಸಿಗದೆ ತುಟಿ ನೀಲಿಗಟ್ಟಿದಾಗ, ಇದೇ ಕಾರಿನಲ್ಲಿ ಬೆಳಗಾವಿಯ ಆಸ್ಪತ್ರೆಗೆ ನಾನೇ ಓಡಿಸಿಕೊಂಡು ಹೋಗಿದ್ದೆ. ಅತ್ತೆ ಹಿಂದಿನ ಸೀಟಿನಲ್ಲಿ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಆ ಕೆಂಪು ದೀಪವನ್ನೇ ನೋಡುತ್ತಿದ್ದರು. ಆಸ್ಪತ್ರೆಯ ಬಾಗಿಲಲ್ಲಿ ನಾನು ಕೀಲಿ ತೆಗೆದೆ, ದೀಪ ಆರಿತು. ಆಗ ಅವರು ಚೀರಿದ್ದು ನನಗೆ ಈಗಲೂ ಕೇಳುತ್ತದೆ. ಇವರು ಬದುಕಿ ಮನೆಗೆ ಬಂದರು. ಅತ್ತೆ ಮೊದಲು ಮಾಡಿದ ಕೆಲಸ ವಾಯರ್‌ಮನ್‌ನನ್ನು ಕರೆಸಿದ್ದು.

“ಅಂವಾ ಉಸಿರಾಡೂತನಕಾ ಇದು ಉರೀಬೇಕು,” ಅಂದರು. “ಇದು ಉರಿಯೂತನಕಾ ಅಂವಾ ಉಸಿರಾಡ್ತಾನ.”

ಎರಡನೇ ಮಾತಿಗೆ ಯಾರೂ ಜಾಮೀನು ಕೊಟ್ಟಿರಲಿಲ್ಲ. ಆದರೆ ಮಗನನ್ನು ಆಗತಾನೇ ವಾಪಸು ಪಡೆದ ತಾಯಿಯ ಮುಂದೆ ವಾದ ಮಾಡುವಷ್ಟು ಗಟ್ಟಿಗಿತ್ತಿ ನಾನಲ್ಲ. ಒಳಗೊಳಗೇ ನಕ್ಕೆ.

ನಾನು ಬೆಳಗಾವಿಯ ರವಿವಾರ ಪೇಟೆಯ ಒಂದು ಸಗಟು ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಆಗ ದಿನವೂ ಕಾರಿನಲ್ಲೇ ಹೋಗಿ ಬರುತ್ತಿದ್ದೆ. ದೀಪ ರಾತ್ರಿಯೆಲ್ಲ ಕುಡಿದಿದ್ದನ್ನು ಹಗಲಿನ ಓಡಾಟ ತುಂಬಿಸಿಕೊಡುತ್ತಿತ್ತು, ಆಗ ನನಗದು ಗೊತ್ತಿರಲಿಲ್ಲ ಅಷ್ಟೇ. ರವಿವಾರ ಬಂತೆಂದರೆ ಬಾನೆಟ್ ಎತ್ತುವುದು ನನ್ನ ಪದ್ಧತಿ. ಬ್ಯಾಟರಿಯ ತಲೆಯ ಮೇಲೆ ಕೂತ ಬಿಳಿ-ಹಸಿರು ಪುಡಿಗೆ ಬಿಸಿನೀರು ಹೊಯ್ದು, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಒಣ ಬಟ್ಟೆಯಲ್ಲಿ ಒರೆಸಿ, ವ್ಯಾಸಲೀನ್ ಹಚ್ಚುತ್ತಿದ್ದೆ. ಮುಚ್ಚಳ ಬಿಚ್ಚಿ ನೀರು ಎಷ್ಟಿದೆ ನೋಡಿ, ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿದ್ದೆ. ಇವರು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ಚಾಷ್ಟಿ ಮಾಡುತ್ತಿದ್ದರು.

“ನನಗ ಇಷ್ಟು ಆರೈಕೆ ಮಾಡಂಗಿಲ್ಲ ಬಿಡು ನೀ.”

“ಅದು ನಿಂತ್ರ ನೀವೂ ನಿಂತಂಗ್ರಿ,” ಅಂದೆ ಒಮ್ಮೆ, ನಗುತ್ತಲೇ. ಒಳಗೆ ಅಕ್ಕಿ ಆರಿಸುತ್ತಿದ್ದ ಅತ್ತೆಯ ಕೈ ಗಕ್ಕನೆ ನಿಂತಿತು. ನನಗೂ ಆ ಮಾತು ಬಾಯಿಂದ ಯಾಕೆ ಬಂತೋ ಅನಿಸಿತು.

ಆಮೇಲೆ ರಸ್ತೆ ಅಗೆದರು. ಕೆಸರು, ಗುಂಡಿ, ಗಂಟೆಗಟ್ಟಲೆ ನಿಲ್ಲುವ ಲಾರಿಗಳು. ನನಗೆ ಸಾಕಾಗಿ ಬಸ್ಸಿಗೆ ಹೋಗಲು ಶುರುಮಾಡಿದೆ. ಕಾರು ಶೆಡ್ಡಿನಲ್ಲೇ ಉಳಿಯಿತು. ಮುಂಗಾರು ಜೋರಾದ ಒಂದು ಬೆಳಿಗ್ಗೆ, ಸುಮ್ಮನೆ ಒಂದು ಸುತ್ತು ಹೊಡೆಸೋಣ ಅಂತ ಕೀಲಿ ತಿರುಗಿಸಿದೆ. ಎಂಜಿನ್ ನರಳಿತು, ಎಳೆಯಿತು, ನಿಂತಿತು. ಇವರ ಎದೆಯಲ್ಲಿ ಉಸಿರು ಎಳೆಯುವ ಸದ್ದೇ ಅದು. ಕಿಟಕಿಯಾಚೆ ಅತ್ತೆ ನಿಂತಿದ್ದರು. ಅವರು ನೋಡುತ್ತಿದ್ದುದು ನನ್ನನ್ನಲ್ಲ, ದೀಪವನ್ನು. ಅದು ಮಂಕಾಗಿತ್ತು.

ಮನೆಯ ಮುಂದೆ ಇಳಿಜಾರು ಇರುವುದರಿಂದ ಗಾಡಿಯನ್ನು ಉರುಳಿಸಿ, ಗೇರಿಗೆ ಹಾಕಿ ಚಾಲೂ ಮಾಡಿದೆ. ಅತ್ತೆ ಕರೆಯದೇ ಬಂದು ಹತ್ತಿದರು. ಆಟೋ ನಗರದ ಬ್ಯಾಟರಿ ಅಂಗಡಿಯವನು ತಂತಿ ಹಚ್ಚಿ ನೋಡಿ, “ಇದರ ಆಯುಷ್ಯ ಮುಗದೈತ್ರಿ ಅಕ್ಕಾರ,” ಅಂದ. ಅವನ ಮುಖಕ್ಕೆ ಬಾರಿಸುವಷ್ಟು ಸಿಟ್ಟು ಬಂತು ನನಗೆ. ಬೇರೆ ಮಾತೇ ಸಿಗಲಿಲ್ಲವೇ ಅವನಿಗೆ? ಅತ್ತೆ ಬಣ್ಣಗೆಟ್ಟು ಅವನ ಕೈ ಹಿಡಿದುಕೊಂಡರು. ಹಳೇ ಬ್ಯಾಟರಿ ತೆಗೆದು ಹೊಸದು ಕೂರಿಸುವಾಗ ದೀಪ ಒಂದು ಕ್ಷಣವೂ ಆರಬಾರದು ಅಂದರು. ಅವನು ನಗಲಿಲ್ಲ. ಇನ್ನೊಂದು ಬ್ಯಾಟರಿ ತಂದು ಪಕ್ಕಕ್ಕಿಟ್ಟು, ದೀಪದ ವಾಯರಿಗೆ ಅದನ್ನು ಮೊದಲು ಜೋಡಿಸಿಕೊಂಡೇ ಕೆಲಸ ಮುಗಿಸಿದ. ಅತ್ತೆ ಅಷ್ಟು ಹೊತ್ತೂ ಕಣ್ಣು ಮಿಟುಕಿಸದೆ ದೀಪ ಕಾದರು.

ಹೊಸ ಬ್ಯಾಟರಿ, ಇನ್ನೇನು ಚಿಂತೆ ಅಂದುಕೊಂಡೆ. ಮಳೆ ಬಿಡಲಿಲ್ಲ, ಗಾಡಿ ಹೊರಗೆ ತೆಗೆಯಲಿಲ್ಲ. ಮುಂದಿನ ವಾರ ಕೀಲಿ ತಿರುಗಿಸಿದರೆ ಮತ್ತೆ ಅದೇ ನರಳಾಟ. ಇವರ ಸೀಟಿಯೂ ಅದೇ ವಾರ ಏರಿತ್ತು. ಹಾಗೆಲ್ಲ ನಂಬುವವಳಲ್ಲ ನಾನು, ಆದರೂ. ಸ್ಟೇರಿಂಗ್ ಹಿಂದೆ ಕೂತವಳು ಸುಮ್ಮನೆ ಕೈ ಚಾಚಿ ಕೆಂಪು ಬಲ್ಬನ್ನು ಮುಟ್ಟಿದೆ. ಇಡೀ ಗಾಡಿ ತಣ್ಣಗಿತ್ತು, ಅದೊಂದು ಬೆಚ್ಚಗಿತ್ತು. ನಿಂತ ಗಾಡಿಯ ಬ್ಯಾಟರಿಯನ್ನು ಹಗಲೂ ರಾತ್ರಿ ತಿನ್ನುತ್ತಿದ್ದುದು ಅದೇ. ಇಷ್ಟು ಹತ್ತಿರ ಇದ್ದದ್ದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

“ಆ ದೀಪ ತಗೀಬೇಕ್ರಿ ಅತ್ತಿ,” ಅಂದೆ. “ಬ್ಯಾಟರಿ ಅದ ತಿನ್ನಾಕತ್ತೈತಿ.”

“ತಿನ್ನಲಿ ತಗೋ. ದೇವಿ ಪಾಲು ಅದು.”

“ದವಾಖಾನಿಗೆ ಒಯ್ಯೂ ಯಾಳ್ಯಾಕ್ಕ ಗಾಡಿ ಚಾಲೂ ಆಗಲಿಲ್ಲಂದ್ರ ಏನ್ ಮಾಡೂದ್ರಿ?”

“ಅದು ಉರಿಯಾಕತ್ತಿದ್ರ ಆ ಯಾಳೇನ ಬರೂದಿಲ್ಲ,” ಅಂದರು. ಅವರ ಮಟ್ಟಿಗೆ ಮಾತು ಮುಗಿದಿತ್ತು.

ಅಂದಿನಿಂದ ನಾನು ಕದ್ದು ಕೆಲಸ ಶುರುಮಾಡಿದೆ. ಕೆಲಸಕ್ಕೆ ಒಯ್ಯುವ ನೆಪದಲ್ಲಿ ಗಾಡಿಯನ್ನು ಉರುಳಿಸಿ ಚಾಲೂ ಮಾಡಿ, ಬ್ಯಾಟರಿಯನ್ನು ಚಾರ್ಜ್ ಮಾಡಿಸಿ ತಂದೆ. ಅತ್ತೆ ಮಲಗಿದ ಮೇಲೆ ಶೆಡ್ಡಿಗೆ ಹೋಗಿ ದೀಪದ ವಾಯರ್ ಬಿಚ್ಚುತ್ತಿದ್ದೆ, ಬೆಳಿಗ್ಗೆ ಅವರು ಏಳುವ ಮೊದಲು ಸಿಕ್ಕಿಸುತ್ತಿದ್ದೆ. ಮೊದಲ ಸಲ ಬಿಚ್ಚಿದಾಗ ಕತ್ತಲಲ್ಲೇ ನಿಂತು, ಒಳಗಿನಿಂದ ಇವರ ಉಸಿರು ಕೇಳುತ್ತಿದೆಯೇ ಅಂತ ಕಿವಿಗೊಟ್ಟೆ. ಕೇಳಿದ ಮೇಲೆ ನನ್ನ ಮೇಲೇ ನನಗೆ ನಾಚಿಕೆಯಾಯಿತು. ತಪ್ಪು ಮಾಡಿದೆ ಅಂತ ಮಾತ್ರ ಇವತ್ತಿಗೂ ಅನಿಸುವುದಿಲ್ಲ.

ಒಂದು ನಸುಕಿನಲ್ಲಿ ನನಗೆ ಜೊಂಪು ಹತ್ತಿತು. ಎಚ್ಚರವಾದದ್ದು ಅತ್ತೆಯ ಚೀರಾಟಕ್ಕೆ. ಆಸ್ಪತ್ರೆ ಬಾಗಿಲಲ್ಲಿ ಕೇಳಿದ್ದ ಅದೇ ಚೀರಾಟ. ಅವರು ನನಗಿಂತ ಮೊದಲೇ ಎದ್ದು ಶೆಡ್ಡಿಗೆ ಹೋಗಿದ್ದರು, ದೀಪ ಆರಿತ್ತು. ಆ ಸದ್ದಿಗೆ ಇವರು ದಡಬಡಿಸಿ ಎದ್ದರು. ಎದ್ದವರು ಮತ್ತೆ ಕೂತರು. ಎದೆ ಏರಿತು, ಇಳಿಯಲಿಲ್ಲ. ಪಂಪಿಗೆ ಬಗ್ಗಲಿಲ್ಲ. ತುಟಿಯ ಬಣ್ಣ ನನ್ನ ಕಣ್ಣೆದುರೇ ಬದಲಾಗತೊಡಗಿತು. ಅಂಬುಲೆನ್ಸ್ ಬರುವವರೆಗೆ ಕಾಯುವ ಸ್ಥಿತಿಯಲ್ಲ ಅದು. ಎಳೆದುಕೊಂಡು ಬಂದು ಸೀಟಿನಲ್ಲಿ ಕೂರಿಸಿದೆ. ಅತ್ತೆ ಹಿಂದೆ ಹತ್ತಿದರು. ನಾನು ಕೀಲಿ ತಿರುಗಿಸಿದೆ.

ಗಾಡಿ ಮೊದಲ ಸಲಕ್ಕೇ ಚಾಲೂ ಆಯಿತು. ಊರಿನ ಆಸ್ಪತ್ರೆ ಮುಟ್ಟುವವರೆಗೆ ನಾನು ಬ್ರೇಕ್ ತುಳಿದ ನೆನಪಿಲ್ಲ. ಇನ್ನು ಸ್ವಲ್ಪ ತಡವಾಗಿದ್ದರೆ ಅಂತ ಡಾಕ್ಟರು ಅರ್ಧಕ್ಕೇ ಮಾತು ನಿಲ್ಲಿಸಿದರು. ಇವರ ಮೂಗಿಗೆ ಆಕ್ಸಿಜನ್ ಹಚ್ಚಿದ ಮೇಲೆ ನಾನು, ಅತ್ತೆ ಹೊರಗಿನ ಬೆಂಚಿನ ಮೇಲೆ ಕೂತೆವು.

“ಆರಿಸಿದಿ,” ಅಂದರು ಅತ್ತೆ. “ಏನಾತು ನೋಡು.”

“ಆರಿಸಿದ್ದಕ್ಕ ಗಾಡಿ ಚಾಲೂ ಆತ್ರಿ.”

ಅವರು ಚೀರಿರದಿದ್ದರೆ ಇವರಿಗೆ ದಮ್ಮು ಏಳುತ್ತಲೇ ಇರಲಿಲ್ಲ ಅಂತ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ. ಬೆಂಚಿನ ಮೇಲೆ ಮುದುಡಿ ಕೂತಿದ್ದ ಅವರೂ ಮಗನ ಉಸಿರನ್ನೇ ಎಣಿಸುತ್ತಿದ್ದರು.

ಇವರು ಮನೆಗೆ ಬಂದರು. ನಾನು ದೀಪದ ವಾಯರನ್ನು ಪೂರ್ತಿ ಕಿತ್ತು ಹಾಕಿದೆ. ಅತ್ತೆ ಡ್ಯಾಶ್‌ಬೋರ್ಡಿನ ಮೇಲಿನ ಮೂರ್ತಿಯನ್ನು ಎತ್ತಿಕೊಂಡು ಒಳಗೆ ಹೋದರು. ಮರುದಿನ ಸಂಜೆ ಬಸ್ಸಿಳಿದು ಇಳಿಜಾರು ಹತ್ತಿ ಬರುವಾಗ ಶೆಡ್ಡಿನ ಬಾಗಿಲ ಸಂದಿಯಲ್ಲಿ ಬೆಳಕು ಕಂಡಿತು. ಬಾಗಿಲು ತೆಗೆದೆ. ಹಳೇ ಗಾಡಿ, ಒಳಗೆ ಯಾವಾಗಲೂ ಪೆಟ್ರೋಲ್ ವಾಸನೆ. ಅದರ ಮುಂದಿನ ಗಾಲಿಯ ಹತ್ತಿರ, ಬೋರಲು ಹಾಕಿದ ಡಬ್ಬಿಯ ಮೇಲೆ ಎಲ್ಲಮ್ಮನ ಮೂರ್ತಿ. ಮೂರ್ತಿಯ ಮುಂದೆ ಎಣ್ಣೆಯ ಹಣತೆ ಉರಿಯುತ್ತಿತ್ತು. ಪಕ್ಕದಲ್ಲಿ ಅತ್ತೆ, ಮಡಿಲಲ್ಲಿ ಬತ್ತಿಯ ಗಂಟು.

“ಇದಕ್ಕ ನಿನ್ನ ಬ್ಯಾಟರಿ ಬೇಕಾಗಿಲ್ಲ,” ಅಂದರು.

ಆ ಪೆಟ್ರೋಲ್ ವಾಸನೆಗೆ ಒಂದು ಕಿಡಿ ಸಾಕಿತ್ತು. ಒಂದು ಸಲ ಊದಿದರೆ ಆರುವ ದೀಪ. ಬಗ್ಗಿ ಬಾಯಿ ಹತ್ತಿರ ತಂದೆ. ಅತ್ತೆ ತಡೆಯಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಆಗ ಒಳಗೆ ಇವರು ಕೆಮ್ಮಿದರು. ನನಗೆ ಊದಲು ಆಗಲಿಲ್ಲ. ನೆಟ್ಟಗೆ ನಿಂತು, ಶೆಡ್ಡಿನ ಬಾಗಿಲು ಎರಡೂ ಕಡೆ ಪೂರ್ತಿ ತೆರೆದು, ಎಂಜಿನ್ ಚಾಲೂ ಮಾಡುವ ಧೈರ್ಯವಿಲ್ಲದೆ ಹ್ಯಾಂಡ್‌ಬ್ರೇಕ್ ಬಿಟ್ಟು, ಗಾಡಿಯನ್ನು ಹಾಗೇ ಹೊರಗೆ ಉರುಳಿಸಿದೆ.

ಈಗ ಗಾಡಿ ಬಯಲಲ್ಲಿ ಮಳೆಗೆ ನೆನೆಯುತ್ತದೆ. ಬ್ಯಾಟರಿಯ ತಲೆಯ ಮೇಲೆ ಹಸಿರು ಪುಡಿ ಬೇಗ ಬೇಗ ಕೂರುತ್ತದೆ. ರವಿವಾರ ನಾನು ತಿಕ್ಕುತ್ತೇನೆ. ದೀಪ ಖಾಲಿ ಶೆಡ್ಡಿನಲ್ಲಿ ಉರಿಯುತ್ತದೆ. ಮೊನ್ನೆ ಅತ್ತೆ ಊರಲ್ಲಿರಲಿಲ್ಲ, ಸಂಜೆ ಜೋರು ಗಾಳಿ ಎದ್ದಿತು. ಮೊದಲು ಗಾಡಿಯ ಬಾನೆಟ್ ಮೇಲೆ ತಾಡಪತ್ರಿ ಹೊದಿಸಬೇಕು ಅಂತ ಓಡಿದವಳು, ಶೆಡ್ಡಿನೊಳಗೆ ಹೋಗಿ ಎರಡೂ ಕೈಗಳಿಂದ ಆ ಹಣತೆಗೆ ಮರೆ ಹಿಡಿದು, ಗಾಳಿ ನಿಲ್ಲುವವರೆಗೂ ಕೂತಿದ್ದೆ.