ನನ್ನ ಕಿವಿ, ನನ್ನ ಮುಕ್ಕಾಲು ಗಂಟೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ಹೊಳೆನರಸೀಪುರದ ನಮ್ಮ ದೇವಸ್ಥಾನದ ಬೀದಿಯಲ್ಲಿ ಈಗಲೂ ಒಬ್ಬಿಬ್ಬರು ನನ್ನನ್ನು ಕಂಡರೆ ದನಿ ಏರಿಸಿ ಮಾತಾಡುತ್ತಾರೆ. ಅದಕ್ಕೆಲ್ಲ ಕಾರಣ ಹೆಬ್ಬೆರಳು ಗಾತ್ರದ ಒಂದು ಎಂಪಿತ್ರೀ ಪ್ಲೇಯರ್. ಅದನ್ನು ಬಿಟ್ಟುಬಿಡು ಎಂದು ನನಗೆ ಹೇಳದವರಿಲ್ಲ. ನಾನು ಬಿಡಲಿಲ್ಲ.

ಕೊಂಡದ್ದು ಮದುವೆಯಾದ ಎರಡನೇ ವರ್ಷ, ಎರಡು ಸಾವಿರದ ಐದಾರರ ಸುಮಾರಿಗೆ. ನನ್ನ ತವರು ಚನ್ನರಾಯಪಟ್ಟಣ. ನಾನು ಹೈಸ್ಕೂಲಿನಲ್ಲಿದ್ದಾಗ ಅಲ್ಲಿ ಅಣ್ಣನ ಹತ್ತಿರ ಒಂದು ವಾಕ್‌ಮನ್ ಇತ್ತು. ಅದು ನನ್ನ ಕೈಗೆ ಬರುತ್ತಿದ್ದುದು ಸೆಲ್ ಮುಗಿಯುತ್ತ ಬಂದಾಗ ಮಾತ್ರ. ಅಷ್ಟು ಹೊತ್ತಿಗೆ ಎಂಥ ಗಾಯಕಿಯೂ ಗಂಡಸಿನ ದನಿಯಲ್ಲಿ ಆಕಳಿಸುತ್ತ ಹಾಡುತ್ತಿದ್ದಳು. ನನ್ನದೇ ಅಂತ ಒಂದು ಇರಬೇಕು, ಅದನ್ನು ಯಾರಿಗೂ ಕೊಡಬಾರದು ಎಂದು ಆಗಲೇ ಹಟ ಹುಟ್ಟಿತ್ತು. ಹಾಸನದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಒಂದು ಸಂಜೆ ಅಲ್ಲಿನ ಕಂಪ್ಯೂಟರ್ ಅಂಗಡಿಯಲ್ಲಿ, ಗಾಜಿನ ಕೆಳಗೆ, ಬೆಳ್ಳಿ ಬಣ್ಣದ ಈ ಪುಟ್ಟ ವಸ್ತು ಕಂಡಿತು. ಮನೆಯಲ್ಲಿ ಯಾರನ್ನೂ ಕೇಳದೆ ತೆಗೆದುಕೊಂಡೆ. ಒಂದೇ ಒಂದು ಸಣ್ಣ ಸೆಲ್, ನೀಲಿ ಬೆಳಕಿನ ಪರದೆ, ಮುಚ್ಚಳ ತೆಗೆದರೆ ಕಂಪ್ಯೂಟರಿಗೆ ಚುಚ್ಚುವ ಮೂತಿ. ಅಂಗಡಿಯವರೇ ಹಾಡು ತುಂಬಿಕೊಟ್ಟರು: ಹಳೇ ಸಿನಿಮಾದವು, ಭಾವಗೀತೆ, ಒಂದಷ್ಟು ವೀಣೆ, ನಾನು ಕೇಳದೇ ಇದ್ದ ನಾಲ್ಕು ಹಿಂದಿ ಹಾಡು.

ನನ್ನ ದಿನ ಹೇಗಿತ್ತು ಎಂದು ಗೊತ್ತಾದರೆ ಈ ಹಟ ಯಾಕೆಂದು ಗೊತ್ತಾಗುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದ ಕೂಡಲೇ ನನ್ನ ಕಿವಿ ಅತ್ತೆಯವರದು. ಹಾಲು ನೋಡು, ಮಡಿ ಬಟ್ಟೆ ಮುಟ್ಟಬೇಡ, ಹೂವು ಬಿಡಿಸಿದೆಯಾ, ಒಗ್ಗರಣೆ ಸೀಯುತ್ತಿದೆ. ಮಾವನವರು ದೇವಸ್ಥಾನದ ಅರ್ಚಕರು, ಮನೆಯ ಮಾತಿಗೆ ಬರುವವರಲ್ಲ. ನನ್ನ ಗಂಡ ಅರಕಲಗೂಡಿನಲ್ಲಿ ಮೇಷ್ಟ್ರು, ಅವರು ಹೊರಡುವ ಮುಂಚೆ ಪೆನ್ನು ಎಲ್ಲಿ, ಕರ್ಚೀಫು ಎಲ್ಲಿ. ಕಚೇರಿಗೆ ಹೋದರೆ ಕಿವಿ ಸಾಹೇಬರದು, ಅರ್ಜಿ ಹಿಡಿದು ನಿಂತವರದು. ಸಂಜೆ ತಿರುಗಿ ಮನೆಯವರದು. ನಡುವೆ ಹೊಳೆನರಸೀಪುರದಿಂದ ಹಾಸನಕ್ಕೆ ಮುಕ್ಕಾಲು ಗಂಟೆ ಬಸ್ಸು, ಹೋಗುತ್ತ ಒಂದು ಸಲ, ಬರುತ್ತ ಒಂದು ಸಲ. ಅಷ್ಟು ಹೊತ್ತು ಯಾರೂ ನನ್ನನ್ನು ಏನೂ ಕೇಳಬಾರದು. ನನಗೆ ಬೇಕಾಗಿದ್ದದ್ದು ಇಷ್ಟೇ.

ಎಂಟೂ ಇಪ್ಪತ್ತರ ಬಸ್ಸಿನಲ್ಲಿ ದಿನಾ ಹೋಗುವ ನಾವು ಏಳೆಂಟು ಹೆಂಗಸರಿದ್ದೆವು. ಟೀಚರುಗಳು, ನರ್ಸು, ಗುಮಾಸ್ತೆಯರು. ಅವರೆಕಾಯಿ ಕಾಲದಲ್ಲಿ ಒಬ್ಬರಲ್ಲ ಒಬ್ಬರು ಚೀಲ ತರುತ್ತಿದ್ದರು, ಕಾಳು ಡಬ್ಬಿಗೆ, ಸಿಪ್ಪೆ ಮಡಿಲಿಗೆ. ಹಾಸನ ಬರುವಷ್ಟರಲ್ಲಿ ಕಾಯೂ ಸುಲಿದಿರುತ್ತಿತ್ತು, ಊರಿನ ಸೊಸೆಯರ, ಅತ್ತೆಯರ ಸಿಪ್ಪೆಯೂ ಸುಲಿದಿರುತ್ತಿತ್ತು. ನಾನು ಆ ಮಂದೆಯ ನಡುವೆ ಕಿಟಕಿ ಪಕ್ಕ ಕೂತು ಪ್ಲೇಯರಿನ ಇಯರ್‌ಫೋನನ್ನು ಎರಡೂ ಕಿವಿಗೆ ಸಿಕ್ಕಿಸಿಕೊಂಡೆ. ಅವರಿಗೆ ಅದು ಕಪಾಳಕ್ಕೆ ಹೊಡೆದ ಹಾಗಾಯಿತು. ಹಳ್ಳಿಯೊಂದರಲ್ಲಿ ಹತ್ತಿದ ಅಜ್ಜಿ ಮಾತ್ರ ಮರುಕದಿಂದ ನನ್ನ ಭುಜ ಅಲುಗಿಸಿ, "ಯಾಕವ್ವಾ, ಕಿವಿ ನೋವಾ? ಬೆಳ್ಳುಳ್ಳಿ ಎಣ್ಣೆ ಬುಡು, ಓಯ್ತದೆ" ಅಂದರು. ಕಂಡಕ್ಟರು, "ಮೇಡಮ್ಮೋರೆ, ಎಷ್ಟ್ ದಪ ಕೂಗನ ನಾನು?" ಅಂತ ದಿನಾ ರೇಗುತ್ತಿದ್ದರು. ನಾನು ಪಾಸು ತೋರಿಸಿ ಮತ್ತೆ ಕಿಟಕಿಯಾಚೆ ನೋಡುತ್ತಿದ್ದೆ.

ಒಂದು ತಿಂಗಳಾಗಿರಬೇಕು. ಅತ್ತೆ ದೇವಸ್ಥಾನದಿಂದ ಮುಖ ಊದಿಸಿಕೊಂಡು ಬಂದರು. ಬಸ್ಸಿನ ಗುಂಪಿನಲ್ಲೇ ಇದ್ದ ನಮ್ಮ ಬೀದಿಯ ಟೀಚರೊಬ್ಬರು ಪ್ರದಕ್ಷಿಣೆ ಹಾಕುತ್ತ ಕೇಳಿದ್ದರಂತೆ, ನಿಮ್ಮ ಸೊಸೆಗೆ ಕಿವಿ ಮಂದವಂತಲ್ಲ, ಮಷೀನು ಹಾಕಿಸಿದ್ದೀರಂತಲ್ಲ, ಹೆಣ್ಣು ನೋಡಿದಾಗ ಹೇಳಿರಲಿಲ್ಲವಾ ಅಂತ.

"ಬೀದೀಲಿ ತಲೆ ಎತ್ತೋ ಹಾಗಿಲ್ಲ ಕಣೇ. ನಾಳೆಯಿಂದ ಅದನ್ನ ಹಾಕ್ಕೋಬೇಡ."

"ಕಿವುಡಿ ಅಂತಾನೇ ಹೇಳಿ ಅತ್ತೆ. ಆಗ ಯಾರೂ ಮಾತಾಡ್ಸಲ್ಲ, ನನಗೂ ಅದೇ ಬೇಕು."

"ಮನೇಲಿ ರೇಡಿಯೋ ಇಲ್ವಾ? ಹತ್ತು ಜನ ಕೂತು ಕೇಳ್ಬಹುದು. ಒಬ್ಬಳೇ ಕೇಳೋದು ಅಂದ್ರೆ ಎಲ್ಲರ ಮುಂದೆ ಒಬ್ಬಳೇ ಎಲೆ ಹಾಕ್ಕೊಂಡು ಊಟಕ್ಕೆ ಕೂತ ಹಾಗೆ."

ಆ ಮಾತು ಸರಿಯಾಗಿ ನಾಟಿತು. ನಾಟಿದರೇನು, ಹಟ ಇತ್ತು. ನನ್ನ ಗಂಡ ರಾಜಿಗೆ ಬಂದರು: ಒಂದು ಕಿವಿಗೆ ಹಾಕಿಕೋ, ಇನ್ನೊಂದು ಜನಕ್ಕೆ ಬಿಡು. ನಾನು, "ನೀವು ಪೇಪರ್ ಓದೋವಾಗ ಒಂದು ಕಣ್ಣು ಮುಚ್ಚಿಕೊಳ್ತೀರಾ?" ಅಂದೆ. ಅವರು ಪೇಪರ್ ಎತ್ತಿಕೊಂಡು ಜಗಲಿಗೆ ಹೋದರು.

ಮುಂದಿನ ಸೋಮವಾರ ಚೀಲದಲ್ಲಿ ಪ್ಲೇಯರ್ ಇರಲಿಲ್ಲ. ಯಾರು ತೆಗೆದರು ಎಂದು ನಾನು ಕೇಳಲಿಲ್ಲ. ಸೀರೆ ಉಟ್ಟು, ಊಟದ ಡಬ್ಬಿ ಹಿಡಿದು, ತಲೆಬಾಗಿಲಲ್ಲಿ ನಿಂತೆ. ಎಂಟೂ ಇಪ್ಪತ್ತರ ಬಸ್ಸು ಹೋಯಿತು. ಒಂಬತ್ತರದೂ ಹೋಯಿತು. ಹೊಸಿಲ ಮೇಲೆ ನಿಲ್ಲಬಾರದು ಎಂದು ಅತ್ತೆ ಎರಡು ಸಲ ಗೊಣಗಿದರು. ಬೀದಿಯಲ್ಲಿ ಹೋಗುವವರೆಲ್ಲ ಇವತ್ತು ಕಚೇರಿ ರಜವಾ ಅಂತ ಕೇಳುತ್ತಿದ್ದರು, ನಾನು ಒಳಗೆ ಕೇಳುವಷ್ಟು ಜೋರಾಗಿ, ಇಲ್ಲ, ನನ್ನದೊಂದು ಸಾಮಾನು ಕಾಣ್ತಿಲ್ಲ ಎನ್ನುತ್ತಿದ್ದೆ. ಒಂಬತ್ತೂವರೆಗೆ ಅತ್ತೆ ದೇವರ ಗೂಡಿನ ಹಿಂದಿನಿಂದ ಅದನ್ನು ತಂದು ನನ್ನ ಡಬ್ಬಿಯ ಮೇಲೆ ಕುಕ್ಕಿದರು. ಆಮೇಲೆ ಆ ಮಾತು ಎತ್ತಲಿಲ್ಲ. ಗೆದ್ದೆ ಎಂದುಕೊಂಡೆ. ಅವತ್ತು ಬಸ್ಸಿನಲ್ಲಿ ನಾಲ್ಕು ಹಿಂದಿ ಹಾಡನ್ನೂ ಕೇಳಿದೆ.

ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಅವತ್ತು ಯಾರ ಕೈ ಯಾವುದರಿಂದ ಕೆಲಸ ಮಾಡುತ್ತದೋ ಅದೆಲ್ಲ ನಡುಮನೆಗೆ ಬರಬೇಕು. ಹಬ್ಬದ ಬೆಳಿಗ್ಗೆ ನಾನು ಹಿತ್ತಲಲ್ಲಿ ಗಂಡನ ಬೈಕು ಒರೆಸುತ್ತಿದ್ದೆ, ಅತ್ತೆ ಬಚ್ಚಲಲ್ಲಿ ಪಾತ್ರೆ ಪಡಗ ತಿಕ್ಕುತ್ತಿದ್ದರು. ಕೈ ತೊಳೆದು ಒಳಗೆ ಬಂದರೆ ಮಣೆಯ ಮೇಲೆ ಸಾಲಾಗಿ ಈಳಿಗೆಮಣೆ, ಕತ್ತರಿ, ಮಾವನವರ ಹಿತ್ತಾಳೆ ಗಂಟೆ, ಗಂಡನ ಕೆಂಪು ಪೆನ್ನು. ಕೊನೆಯಲ್ಲಿ ನನ್ನ ಪ್ಲೇಯರ್. ಅದಕ್ಕೂ ಮೂರು ಬೊಟ್ಟು ಕುಂಕುಮ, ಒಂದು ಸೇವಂತಿಗೆ.

ಆ ಮನೆಗೆ ಕಾಲಿಟ್ಟ ಮೇಲೆ ನನ್ನದು ಅನ್ನುವ ಒಂದು ವಸ್ತುವಿಗೆ ಅಲ್ಲಿ ಜಾಗ ಸಿಕ್ಕಿದ್ದು ಅದೇ ಮೊದಲು.

ಮಂಗಳಾರತಿ ಆದ ಮೇಲೆ ಎತ್ತಿಕೊಂಡೆ. ಮುಚ್ಚಳದ ಸಂದಿಯಿಂದ ನೀರು ತೊಟ್ಟಿಕ್ಕಿತು. ಪರದೆಯ ಒಳಗೆ ನೀರು ಆ ಕಡೆ ಈ ಕಡೆ ಓಡಾಡುತ್ತಿತ್ತು. ಮೂಸಿ ನೋಡಿದರೆ ಹುಣಸೆಹಣ್ಣಿನ ವಾಸನೆ.

"ಗಂಟೆ ಜೊತೆ ಅದನ್ನೂ ಹುಣಸೆಹಣ್ಣು ಹಾಕಿ ತಿಕ್ಕಿದೆ," ಅಂದರು ಅತ್ತೆ, ಹೆಮ್ಮೆಯಿಂದಲೇ. "ಎಷ್ಟು ಜಿಡ್ಡು ಹಿಡಿದಿತ್ತು ಅಂತೀಯ. ಅದೇ ನಿನ್ನ ಆಯುಧ ತಾನೇ? ಇಡದೇ ಇದ್ದಿದ್ರೆ ಮತ್ತೆ ಬಾಗಿಲಲ್ಲಿ ನಿಂತ್ಕೋತಿದ್ದೆ."

ಬೇಕೆಂದೇ ಮಾಡಿದರಾ ಎಂದು ನನ್ನ ಗಂಡ ಆಮೇಲೆ ಮೆಲ್ಲಗೆ ಕೇಳಿದರು. ಇಲ್ಲ. ಹಾಳು ಮಾಡಬೇಕು ಅನ್ನುವವರು ಅಷ್ಟು ಮುತುವರ್ಜಿಯಿಂದ ತಿಕ್ಕುವುದಿಲ್ಲ, ಹುಡುಕಿ ಹುಡುಕಿ ದೊಡ್ಡ ಹೂವು ಇಡುವುದಿಲ್ಲ. ಅದಕ್ಕೇ ನನಗೆ ಜಾಸ್ತಿ ಸಿಟ್ಟು ಬಂತು, ಕೂಗಾಡುವುದಕ್ಕೂ ದಾರಿ ಉಳಿದಿರಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಬಿಸಿಲಿಗೆ ಇಟ್ಟೆ, ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ, ಹೊಸ ಸೆಲ್ ಹಾಕಿದೆ. ನೀಲಿ ಬೆಳಕು ಬರಲೇ ಇಲ್ಲ.

"ಕೆಟ್ಟುಹೋಯ್ತೇನೇ?" ಎಂದು ಎರಡು ದಿನ ಬಿಟ್ಟು ಅತ್ತೆ ಕೇಳಿದರು.

"ಇಲ್ಲವಲ್ಲ. ಚೆನ್ನಾಗಿದೆ," ಅಂದೆ.

ಅವರ ಮನಸ್ಸು ನೋಯದಿರಲಿ ಅಂತ ಹಾಗಂದೆ ಎಂದು ಬರೆದುಕೊಳ್ಳಬಹುದು, ಅದು ಸುಳ್ಳು. ಕೆಟ್ಟಿತು ಎಂದರೆ, ಸರಿ ಬಿಡು, ಇನ್ನು ಎಲ್ಲರ ಜೊತೆ ನಗ್ತಾ ಹೋಗು ಅನ್ನುತ್ತಾರೆ. ಇನ್ನೊಂದು ಕೊಂಡರೆ ಜಗಳ ಮತ್ತೆ ಮೊದಲಿನಿಂದ. ಬಾಗಿಲಲ್ಲಿ ನಿಂತು ಗಳಿಸಿದ್ದನ್ನು ಒಂದು ಚೊಂಬು ನೀರಿಗೆ ಬಿಟ್ಟುಕೊಡುವವಳು ನಾನಲ್ಲ. ಹಬ್ಬ ಮುಗಿಸಿ ಕಚೇರಿಗೆ ಹೊರಟ ದಿನ ಆ ಸತ್ತ ಪ್ಲೇಯರನ್ನೇ ಚೀಲಕ್ಕೆ ಹಾಕಿಕೊಂಡೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಎರಡೂ ಕಿವಿಗೆ ಸಿಕ್ಕಿಸಿಕೊಂಡೆ. ಹೆಂಗಸರು ಆ ಕಡೆ ತಿರುಗಿದರು. ಕಂಡಕ್ಟರು ಮಾತಿಲ್ಲದೆ ಕೈ ಚಾಚಿದರು, ಪಾಸು ತೋರಿಸಿದೆ.

ಹೀಗೇ ಮೂರು ತಿಂಗಳು ಓಡಾಡಿದೆ. ಹಾಡು ಇಲ್ಲವಲ್ಲ ಎಂದು ಮೊದಲ ವಾರ ಹೊಟ್ಟೆ ಉರಿಯುತ್ತಿತ್ತು. ಆಮೇಲೆ ಇಂಜಿನ್ನಿನ ಸದ್ದು, ಗಾಜಿನ ಗಡಗಡ, ಅಷ್ಟೇ ಸಾಕಾಯಿತು. ನಾನು ಕಾದಾಡಿದ್ದು ಹಾಡಿಗಲ್ಲ ಎಂದು ನನಗೇ ಗೊತ್ತಾದದ್ದು ಆಗ. ಯಾರಾದರೂ ಏನು ಹಾಡು ಎಂದು ಕೇಳಿದರೆ ಕೇಳಿಸದವಳ ಹಾಗೆ ಇದ್ದುಬಿಡುತ್ತಿದ್ದೆ.

ಅವರೆಕಾಯಿ ಸುಗ್ಗಿ ಶುರುವಾದಾಗ ಅತ್ತೆಗೆ ಕಣ್ಣಿನ ಪೊರೆ ತೋರಿಸಬೇಕಾಗಿ ಬಂತು. ಅವರನ್ನು ಕರೆದುಕೊಂಡು ಅದೇ ಬಸ್ಸು ಹತ್ತಿ, ಎಂದಿನ ಹಾಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತೆ. ನಮ್ಮ ಬೀದಿಯ ಟೀಚರು ಹಿಂದಿನ ಸೀಟಿನಲ್ಲಿ ಕಾಯಿ ಸುಲಿಯುತ್ತಿದ್ದರು. ಬಸ್ಸು ಹೊರಡುವ ಮುಂಚೆಯೇ ಅತ್ತೆಗೆ ಪ್ರಶ್ನೆ ಶುರುವಾಯಿತು: ಯಾವ ಕಣ್ಣು, ಆಪರೇಷನ್ನಾ, ಖರ್ಚು ಯಾರು ಮಾಡ್ತಾರೆ, ಸೊಸೆಗೆ ಇನ್ನೂ ಏನೂ ವಿಶೇಷ ಇಲ್ವಾ. ಅತ್ತೆ ಒಂದೆರಡಕ್ಕೆ ಉತ್ತರ ಕೊಟ್ಟರು. ಮೂರನೆಯದಕ್ಕೆ ದನಿ ಕುಗ್ಗಿತು. ನಾಲ್ಕನೆಯದಕ್ಕೆ ನನ್ನ ಕಡೆ ತಿರುಗಿ ಕೈ ಚಾಚಿದರು.

"ಕೊಡು ಇಲ್ಲಿ ಒಂದು. ಅದೇನು ಕೇಳ್ತೀಯೋ ನಾನೂ ನೋಡ್ತೀನಿ."

ಕೊಡುವುದಿಲ್ಲ ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಅವರೇ ನನ್ನ ಎಡಗಿವಿಯದನ್ನು ಕಿತ್ತು ತಮ್ಮ ಓಲೆಯ ಪಕ್ಕ ಸಿಕ್ಕಿಸಿಕೊಂಡರು. ಕಾದರು. ತೆಗೆದು ನೋಡಿದರು, ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಲಿಲ್ಲ.

"ಯಾವಾಗಿಂದ?" ಎಂದು ನನಗೆ ಮಾತ್ರ ಕೇಳುವಂತೆ ಅಂದರು.

"ಹಬ್ಬದಿಂದ."

ಅವರ ತುಟಿ ಒಂದಿಷ್ಟು ಅಲುಗಿತು. ಬೈಗುಳವೋ, ಅಳುವೋ, ನಗುವೋ, ಇಂದಿಗೂ ನನಗೆ ಗೊತ್ತಿಲ್ಲ. ಟೀಚರು ಸೀಟಿನ ಮೇಲಿಂದ ಬಗ್ಗಿ, "ಏನ್ರೀ, ಅತ್ತೆ ಸೊಸೆ ಇಬ್ರೂ ಕೇಳ್ತಿದೀರಿ, ಅಷ್ಟು ಚೆನ್ನಾಗಿದೆಯಾ?" ಎಂದು ಕೇಳಿದರು.

"ಬಹಳ ಚೆನ್ನಾಗಿದೆ," ಅಂದರು ಅತ್ತೆ. "ಸ್ವಲ್ಪ ಹೊತ್ತು ಮಾತಾಡಿಸಬೇಡಿ."

ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡರು. ಹಾಸನದ ಬಸ್ ಸ್ಟಾಂಡ್ ಬರುವವರೆಗೂ ಅದನ್ನು ನನಗೆ ವಾಪಸ್ ಕೊಡಲಿಲ್ಲ.