ಶಹಾಬಾದದಲ್ಲಿ ಹೊದಿಸಿದ ಶಾಲು

ರೈಲು ವಾಡಿಯಲ್ಲಿ ನಿಂತುಬಿಡಬಹುದಿತ್ತು. ಮೈಕು ಕೈಕೊಡಬಹುದಿತ್ತು. ನಿನ್ನ ಗಂಟಲು ಕಟ್ಟಬಹುದಿತ್ತು — ಅದಕ್ಕೇ ನನ್ನ ಚೀಲದಲ್ಲಿ ಕಲ್ಲುಸಕ್ಕರೆ, ಲವಂಗ, ಬಿಸಿನೀರಿನ ಫ್ಲಾಸ್ಕು. ಎಲ್ಲಕ್ಕಿಂತ ಹೆಚ್ಚಾಗಿ, ಸಭೆ ನಿನ್ನ ಮಾತಿಗೆ ನಗಬಹುದಿತ್ತು. ಮಹಾದೇವಿ, ಇಷ್ಟಕ್ಕೂ ಮುಂಚಿತವಾಗಿಯೇ ಹೆದರಿ ಮುಗಿಸಿದ್ದವನು ನಾನು, ಸೇಡಂ ಕಾಲೇಜಿನ ನಿನ್ನ ಕಾಮರ್ಸ್ ಮಾಸ್ತರ. ಆ ಹೆದರಿಕೆಯಲ್ಲಿ ಒಂದು ಸುಳ್ಳು ಹೇಳಿದೆ. ಇಷ್ಟು ವರ್ಷ ಅದನ್ನು ಮುಚ್ಚಿಟ್ಟೆ.

ಅವತ್ತು ಶಹಾಬಾದದಲ್ಲಿ ನಡೆದ ಚರ್ಚಾಸ್ಪರ್ಧೆಯ ವಿಷಯ ನಿನಗೆ ನೆನಪಿದ್ದೇ ಇರುತ್ತದೆ — ಯುರೋಪಿನ ಕಾರು ಕಂಪನಿಯೊಂದು ಅಮೆರಿಕದಲ್ಲಿ ಯಾಕೆ ಎಡವಬಹುದು? ಉಳಿದವರು ಸುಂಕ, ಡಾಲರು ಎಂದು ಉರು ಹೊಡೆದು ಬಂದಿದ್ದರು. ನೀನು ನಿನ್ನವ್ವನ ಟೇಲರಿಂಗ್ ಅಂಗಡಿಯಿಂದ ಶುರುಮಾಡಿದೆ.

"ಯುರೋಪಿನ ಮಶೀನ್ರಿ ಅದು, ಭಾಳ ಚೊಲೋ ಹೊಲೀತಿತ್ತು. ಒಂದು ಸಣ್ಣ ಸಾಮಾನು ಮುರೀತು. ಸೇಡಂದಾಗ ಸಿಗಲಿಲ್ಲ, ಹೈದರಾಬಾದದಾಗೂ ಸಿಗಲಿಲ್ಲ. ಈಗ ಅದರ ಮ್ಯಾಲ ನೀರಿನ ಕೊಡ ಇಟ್ಟೀವಿ. ನಮ್ಮವ್ವ ಅಂತಾಳ್ರಿ, ಮಶೀನ್ ಹ್ಯಾಂಗದ ಅಂತ ಆಮ್ಯಾಲ ಕೇಳು, ರಿಪೇರಿ ಮಾಡಾಂವ ಎಲ್ಲಿದ್ದಾನ ಅಂತ ಮೊದಲ ಕೇಳು."

ಅಲ್ಲಿಂದ ನೀನು ಸೀದಾ ಅಮೆರಿಕಕ್ಕೆ ಜಿಗಿದೆ! ಅಷ್ಟು ದೊಡ್ಡ ದೇಶ. ನಡುದಾರಿಯಲ್ಲಿ ಕಾರು ಕೆಟ್ಟರೆ ಬರುವವರು ಯಾರು? ಊರೂರಿಗೆ ರಿಪೇರಿ ಅಂಗಡಿ ಇಲ್ಲದೆ ಜನ ಕಾರು ಕೊಳ್ಳುವುದಿಲ್ಲ, ಜನ ಕೊಳ್ಳದೆ ಯಾರೂ ಅಂಗಡಿ ತೆರೆಯುವುದಿಲ್ಲ. ಸಭೆ ನಕ್ಕಿತು — ನೀನು ನಗಿಸಿದಲ್ಲಿ ಮಾತ್ರ. ಆಮೇಲೆ ಆ ಚಪ್ಪಾಳೆ... ಮೊದಲ ಬಹುಮಾನ! ತೀರ್ಪುಗಾರರೇ ಎದ್ದು ನಿಂತಿದ್ದರು. ಅಷ್ಟು ಗೆದ್ದ ದಿನ ನನ್ನ ಮಾಸ್ತರಕಿಯಲ್ಲಿ ಇನ್ನೊಂದಿಲ್ಲ.

ಸ್ಪರ್ಧೆಯ ಹಿಂದಿನ ಸಂಜೆ, ಹೊಲಿಯಲು ಕೊಟ್ಟ ಅಂಗಿ ತರಲು ನಿಮ್ಮ ಅಂಗಡಿಗೆ ಹೋಗಿದ್ದೆ. ನಿನ್ನವ್ವ ಗುರಮ್ಮ ಕೇಳಿದರು, "ನಾನೂ ಬರ್ಲೇನ್ರಿ ಸರ? ಸೀರಿ ಇಸ್ತ್ರಿ ಮಾಡಿಟ್ಟೀನಿ."

ಆ ಮಶೀನಿನ ಮಾತಿಗೆ ಸಭೆ ನಕ್ಕರೆ, ಅದೂ ಇವರೆದುರಿಗೇ — ಇಲ್ಲ, ಅದನ್ನು ಕರುಣೆ ಎಂದು ಕರೆಯಲಾರೆ. ನನಗೆ ನಿನ್ನ ಮೇಲೆ ನಂಬಿಕೆ ಇರಲಿಲ್ಲ, ಅಷ್ಟೇ.

"ಬ್ಯಾಡ್ರಿ ಅಕ್ಕಾರ," ಅಂದೆ. "ಮಹಾದೇವಿನೇ ಬ್ಯಾಡ ಅಂದಾಳ್ರಿ."

ನೀನು ಹಾಗೆ ಅಂದಿರಲೇ ಇಲ್ಲ. ನಿನ್ನವ್ವ ಮಡಿಚಿದ್ದ ನನ್ನ ಅಂಗಿಯನ್ನು ಬಿಚ್ಚಿ ಮತ್ತೊಮ್ಮೆ ಮಡಿಚಿದರು. ನಿನ್ನ ಹತ್ತಿರ ಮಾತ್ರ, ಬ್ಲೌಸುಗಳ ಕೆಲಸ ಅದ, ಬರಾಕ ಆಗಂಗಿಲ್ಲ ಎಂದರು. ನೀನು ಅದನ್ನು ನಂಬಿದೆ, ಅವರು ನನ್ನನ್ನು ನಂಬಿದರು — ಇವತ್ತಿನ ತನಕ.

ಈ ಭಾನುವಾರ ಬಂದು ಇಬ್ಬರೆದುರೂ ಹೇಳುತ್ತೇನೆ. ಕುಂದ್ರಿ ಅನ್ನಬೇಡಿ, ನಿಂತೇ ಹೇಳುತ್ತೇನೆ.

ನಾನು ಹೆದರಿದ್ದು ಒಂದೂ ಆಗಲಿಲ್ಲ. ರೈಲು ಹೊತ್ತಿಗೆ ಸರಿಯಾಗಿ ಬಂತು. ಮೈಕು ಗುಡುಗಿತು. ಕಲ್ಲುಸಕ್ಕರೆ ನಾನೇ ತಿಂದೆ. ಆಗಿದ್ದು ಇಷ್ಟೇ — ಗೆದ್ದವರಿಗೆ ಮನೆಯವರ ಕೈಯಿಂದಲೇ ಶಾಲು ಹೊದಿಸುವುದು ಅಲ್ಲಿಯ ರೂಢಿ.

"ಮಹಾದೇವಿ ಮನ್ಯಾವ್ರು ಯಾರ್ ಬಂದೀರಿ? ಮ್ಯಾಲ ಬರ್ರಿ!" ಎಂದು ಕರೆದರು.

ನೀನು ಬಾಗಿಲ ಕಡೆ ನೋಡಿದೆ.

ನಾನು ಎದ್ದು ವೇದಿಕೆಗೆ ಬಂದು ಶಾಲು ಹೊದಿಸಿದೆ.